ಒಂಬತ್ತನೆಯ ಅಂತಸ್ತಿನ ಮುಂಗಾರು

ಮುರಿಗೆಪ್ಪ ಕೊಣ್ಣೂರರ ಮನೆಯ ಛಾವಣಿಯಲ್ಲಿ ಸೂರ್ಯ ಹುಟ್ಟಿದ. ಮೂಡಣ ಗೋಡೆಯ ಬಳಿ ಮೊದಲು ಕೆಂಪಗೆ ಬೆಳಗಿದ ದೀಪಪಟ್ಟಿ ಹಳದಿಗೆ ತಿರುಗಿ ಮೆಲ್ಲನೆ ಪಡುವಣಕ್ಕೆ ಸರಿಯತೊಡಗಿತು. ಕೆಳಗೆ ಮಣ್ಣು ಹಾಸಿದ ಕಟ್ಟೆಯಲ್ಲಿ ಭೀಮನೆಂಬ ನಕ್ಷತ್ರ ಆಮೆ ಕುತ್ತಿಗೆ, ಕಾಲು ಚಾಚಿ ಬಿಸಿಲಿಗೆ ಮೈಯೊಡ್ಡಿತು.

“ಬಾ ಇಲ್ಲಿ, ಭೀಮಪ್ಪ ಕಾಲು ಚಾಚ್ಯಾನ!” ಮುರಿಗೆಪ್ಪ ಹೆಂಡತಿಯನ್ನು ಕೂಗಿದರು.

ನೀಲವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಎಷ್ಟೋ ವಾರಗಳಿಂದ ಚಿಪ್ಪಿನೊಳಗೇ ಮುದುಡಿದ್ದ ಪ್ರಾಣಿ ಅದು.

ಮುರಿಗೆಪ್ಪ ರೈಲು ಓಡಿಸಿ ನಿವೃತ್ತರಾದವರು. ಆಯುಷ್ಯವೆಲ್ಲ ವೇಗದಲ್ಲಿ ಕಳೆದವರಿಗೆ ಹುಬ್ಬಳ್ಳಿಯ ಈ ಎತ್ತರದ ಮನೆಯಲ್ಲಿ ಭೀಮನ ನಿಧಾನವೇ ಹಿತವಾಗಿತ್ತು. ಕಳ್ಳಸಾಗಣೆದಾರರಿಂದ ಬಿಡಿಸಿ ತಂದ ಆಮೆಗಳಲ್ಲಿ ಗಾಯಗೊಂಡವನ್ನು ಸಾಕುವ ಮನೆಗಳಿಗೆ ಒಪ್ಪಿಸುವ ಪದ್ಧತಿ ಆ ಕಾಲದಲ್ಲಿತ್ತು. ಹಾಗೆ ಎರಡು ವರ್ಷಗಳ ಹಿಂದೆ ಮುರಿದ ಕಾಲಿನೊಂದಿಗೆ ಭೀಮ ಬಂದಿದ್ದ. ಕಾಲು ಕೂಡಿತು, ಆದರೆ ಚಿಪ್ಪು ಮೆತ್ತಗಾಗುತ್ತ ಬಂತು. ಹೆಬ್ಬೆರಳಿನಿಂದ ಒತ್ತಿದರೆ ತಗ್ಗು ಬೀಳುತ್ತಿತ್ತು.

“ದಿನಾ ಕಿಟಕಿ ಹತ್ರ ಬಿಸಿಲಿಗೆ ಇಡ್ತಿದ್ದೆನ್ರಿ,” ಎಂದು ಅವರು ವಿಜ್ಞಾನಿ ಡಾ. ರೆಹಾನಾ ಸವಣೂರರ ಎದುರು ಕೈ ಹಿಸುಕಿಕೊಂಡಿದ್ದರು. “ಟೊಮೆಟೊ, ಕೋಸು ಎಲ್ಲಾ ಹಾಕ್ತಿದ್ದೆ.”

“ಕಿಟಕಿಗೆ ಗಾಜು ಐತಲ್ರಿ ಕಾಕಾ. ಗಾಜು ಬೆಳಕು ಬಿಡ್ತದ, ಆದ್ರ ಅತಿನೇರಳೆ ಕಿರಣ ತಡೀತದ. ಆ ಕಿರಣ ಮೈಗೆ ಬೀಳದಿದ್ರ ತಿಂದ ಸುಣ್ಣದ ಅಂಶ ಎಲುಬಿಗೆ ಹತ್ತೂದಿಲ್ಲ. ಟೊಮೆಟೊ ಬ್ಯಾಡ, ಹುಲ್ಲು ಹಾಕ್ರಿ, ದಾಸವಾಳದ ಎಲಿ ಹಾಕ್ರಿ. ಉಳಿದದ್ದು ನನ್ನ ಛತ್ರ ನೋಡಿಕೊಳ್ತದ.”

ಅವರು ಛಾವಣಿಗೆ ಕಟ್ಟಿದ ಆ ಸಾಧನದ ಹೆಸರು ಋತುಛತ್ರ. ಅದು ಬರೀ ದೀಪವಲ್ಲ. ನಿಜವಾದ ಬಿಸಿಲಿನಲ್ಲಿರುವ ಕಿರಣಗಳನ್ನೆಲ್ಲ ಅದು ಹದವಾಗಿ ಸುರಿಸುತ್ತಿತ್ತು. ಕಟ್ಟೆಯ ಒಂದು ಮೂಲೆಯನ್ನು ಬೆಚ್ಚಗೂ ಇನ್ನೊಂದನ್ನು ತಣ್ಣಗೂ ಇಟ್ಟು, ಬೇಕಾದ ಕಡೆ ಸರಿದುಕೊಳ್ಳುವ ಸ್ವಾತಂತ್ರ್ಯವನ್ನು ಪ್ರಾಣಿಗೇ ಬಿಡುತ್ತಿತ್ತು. ಮುಂಜಾನೆ ಇಬ್ಬನಿ ಹನಿಸುತ್ತಿತ್ತು. ಬಯಲುಸೀಮೆಯ ಹುಲ್ಲುಗಾವಲಿನ ಇಡೀ ವರ್ಷ ಅದರ ಸ್ಮೃತಿಕೋಶದಲ್ಲಿತ್ತು.

ತಿಂಗಳುಗಳು ಕಳೆದಂತೆ ಚಿಪ್ಪು ಗಟ್ಟಿಯಾಯಿತು, ಮೇಲಿನ ನಕ್ಷತ್ರಗಳು ಹೊಳೆದವು. ಮುಂಗಾರು ಬಂದಾಗ ಛತ್ರವೂ ಮಳೆಗರೆಯಿತು. ಒಂಬತ್ತನೆಯ ಅಂತಸ್ತಿನಲ್ಲಿ ಮಣ್ಣಿನ ವಾಸನೆ ಹರಡಿ, ನೀಲವ್ವ ಆ ದಿನ ಮಿರ್ಚಿ ಭಜಿ ಕರಿದರು.

ಆದರೆ ಮಳೆ ಹಿಂದೆಗೆದು ಚಳಿ ಇಣುಕುವ ಹೊತ್ತಿಗೆ ಭೀಮ ಊಟ ಬಿಟ್ಟ. ಕಟ್ಟೆಯ ಸುತ್ತ ಒಂದೇ ಸಮನೆ ಅಲೆದ, ಹಿಂಗಾಲಿನಿಂದ ಅಲ್ಲಲ್ಲಿ ಕೆರೆದು ಬಿಟ್ಟ.

“ಈ ಯಂತ್ರಾನ ಇವನ ತಲಿ ಕೆಡಿಸೈತಿ. ಆರಿಸಿಬಿಡ್ತೀನಿ!” ಎಂದು ಮುರಿಗೆಪ್ಪ ಛತ್ರದ ಗುಂಡಿಯತ್ತ ಕೈ ಚಾಚಿದರು.

ನೀಲವ್ವ ಆ ಕೈ ಹಿಡಿದರು. “ಒಂದೀಟು ತಡೀರಿ. ಮೊದ್ಲ ಡಾಕ್ಟರ್‌ಬಾಯಾರನ್ನ ಕರೀರಿ.”

ರೆಹಾನಾ ಬಂದು ಕೈಯಲ್ಲಿ ಹಿಡಿಯುವ ಕ್ಷ-ಕಿರಣ ಯಂತ್ರವನ್ನು ಭೀಮನ ಮೇಲೆ ಆಡಿಸಿದರು. ಪರದೆಯ ಮೇಲೆ ದುಂಡಗೆ, ಬೆಳ್ಳಗೆ ನಾಲ್ಕು ಆಕೃತಿಗಳು ಮೂಡಿದವು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಕಾಕಾ, ನಿಮ್ಮ ಭೀಮ ಬಸುರಿ.”

“ಏನಂದ್ರಿ?”

“ಚಿಪ್ಪು ಸೊಟ್ಟಾಗಿತ್ತಲ್ರಿ, ಗಂಡೋ ಹೆಣ್ಣೋ ಅಂತ ನನಗೂ ಗೊತ್ತಾಗಲಿಲ್ಲ. ಕಾಡಿನ್ಯಾಗ ಗಂಡಿನ ಜೋಡಿ ಕೂಡಿದ್ದು ಎಂದೋ ಏನೋ. ಹೆಣ್ಣಾಮೆ ಆ ಬೀಜಾನ ವರ್ಷಗಟ್ಟಲೆ ಮೈಯೊಳಗ ಕಾಯ್ದುಕೊಳ್ತದ. ಮೈ ಸುಧಾರಿಸ್ತು, ಮಳಿ ಬಂತು. ಮೊಟ್ಟಿ ಇಡೂ ಕಾಲ ಬಂತು ಅಂತ ತಿಳಕೊಂಡೈತಿ.”

ನೀಲವ್ವ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡರು. “ಬಯಕಿ ಊಟ ಮಾಡಿಸೂದ ತಪ್ಪಿಹೋತಲ್ಲ!”

ಕಟ್ಟೆಗೆ ಇನ್ನಷ್ಟು ಮಣ್ಣು ಬಂತು. ಮೂರನೆಯ ದಿನ ಸಂಜೆ ಭೀಮ ಗುಂಡಿ ತೋಡಿ ಮೊಟ್ಟೆ ಇಟ್ಟಿತು. ಛತ್ರವೇ ಕಾವು ಕೊಟ್ಟಿತು. ಬೇಸಿಗೆ ಹೊತ್ತಿಗೆ ನಾಲ್ಕರಲ್ಲಿ ಮೂರು ಮೊಟ್ಟೆಗಳು ಒಡೆದು, ನೆಲ್ಲಿಕಾಯಿ ಗಾತ್ರದ ಮರಿಗಳು ಹೊರಬಂದವು. ಮುರಿಗೆಪ್ಪ ಅಂಗಾತ ಬಿದ್ದ ಮರಿಯನ್ನು ಬೆರಳಿನಿಂದ ಎತ್ತಿ ನಿಲ್ಲಿಸುತ್ತ ಊಟದ ಹೊತ್ತನ್ನೇ ಮರೆಯುತ್ತಿದ್ದರು.

ಒಂದು ವರ್ಷ ಕಳೆದ ಮೇಲೆ ರೆಹಾನಾ ಮತ್ತೆ ಬಂದು ಪರೀಕ್ಷಿಸಿದರು. ಚಹಾ ಆರುತ್ತಿದ್ದರೂ ಲೋಟ ಮುಟ್ಟಲಿಲ್ಲ.

“ಕಾಕಾ, ಆಮೆ ಮನಿಯೊಳಗ ಆರಾಮಾಗಿ ಇರ್ಲಿ ಅಂತ ನಾ ಈ ಛತ್ರ ಮಾಡಿದ್ದೆ. ಆದ್ರ ಬಿಸಿಲು, ಚಳಿ, ಮಳಿ ಎಲ್ಲಾ ಕಂಡ ಈ ತಾಯಿ-ಮರಿ ನಾಲ್ಕೂ ಈಗ ಹುಲ್ಲುಗಾವಲಿನ್ಯಾಗ ಬದುಕಬಲ್ಲವು. ಅಲ್ಲಿ ಆಮೆ ಭಾಳ ಕಡಿಮಿ ಆಗ್ಯಾವ. ಒತ್ತಾಯ ಇಲ್ರಿ. ಭೀಮನ್ನ ಬೇಕಂದ್ರ ನೀವ ಇಟ್ಕೋಬಹುದು.”

ಚೆನ್ನಾಗಿ ಸಾಕಿದ್ದಕ್ಕೇ ಕಳಿಸಿಕೊಡಬೇಕಾಗಿ ಬಂದಿತ್ತು. ಮುರಿಗೆಪ್ಪ ಹೆಂಡತಿಯ ಮುಖ ನೋಡಿದರು.

“ಹೆಣ್ಣಮಗಳು ತವರಿಗೆ ಬಂದು ಹಡೆದ್ಲು,” ಎಂದರು ನೀಲವ್ವ. “ಬಾಣಂತನ ಮುಗೀತು. ಕಳಸೂದ ಚಂದ. ಇನ್ನೊಂದು ಬಡಪಾಯಿ ಬಂದ್ರ ಛತ್ರ ಇದ್ದೇ ಐತಲ್ಲ.”

“ಹೌದು,” ಎಂದರು ಮುರಿಗೆಪ್ಪ. “ಹಂಗ ಬರಿಗೈಲೆ ಕಳಸಬ್ಯಾಡ ಮತ್ತ.”

ಹೊರಡುವ ಮುಂಜಾನೆ ನೀಲವ್ವ ಭೀಮನ ಚಿಪ್ಪಿಗೆ ಕುಂಕುಮ ಮುಟ್ಟಿಸಿ, ಒಯ್ಯುವ ಪೆಟ್ಟಿಗೆಯಲ್ಲಿ ದಾಸವಾಳದ ಎಲೆ, ಹೂವು, ಎಳೆ ಗರಿಕೆ ಇಟ್ಟು ಉಡಿ ತುಂಬಿದರು. ಮುರಿಗೆಪ್ಪ ಕೈ ಮುಗಿದು ನಿಂತರು. ಭೀಮನಿಗೆ ಅಷ್ಟೆಲ್ಲ ತಾಳ್ಮೆಯಿರಲಿಲ್ಲ. ಲಿಫ್ಟು ಕೆಳಗಿಳಿಯುವಷ್ಟರಲ್ಲಿ ಉಡಿಯ ಅರ್ಧವನ್ನು ತಿಂದು ಮುಗಿಸಿತ್ತು.