ಎರಡನೇ ಭಾಗದ ಪಟ್ಟು

"ಈ ಗುದ್ದಿಗೆ ತೂಕವೇ ಇಲ್ಲ" ಎಂದು ಹೊಸ ಅನಿಮೇಟರ್ ಮೀಟಿಂಗಿನಲ್ಲಿ ಎಲ್ಲರೆದುರು ಹೇಳಿದಾಗ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆ ಫೈಟಿಂಗ್ ಗೇಮಿನ ಮೊದಲ ಭಾಗದಲ್ಲಿ ಯಾವ ಏಟು ಹೇಗೆ ಬೀಳಬೇಕು, ಅದನ್ನು ಹೇಗೆ ತಡೆಯಬೇಕು ಎಂಬುದನ್ನೆಲ್ಲ ರೂಪಿಸಿದವಳು ಅವಳೇ. ಆಫೀಸಿನವರು ಪ್ರೀತಿಯಿಂದ ಗುದ್ದಮ್ಮ ಎನ್ನುತ್ತಿದ್ದರು. ಎರಡನೇ ಭಾಗಕ್ಕೆಂದು ಬಂದು ವಾರ ಕಳೆದಿಲ್ಲ, ಇವನದೇನು ದೊಡ್ಡಸ್ತಿಕೆ?

ಮಧ್ಯಾಹ್ನ ಅವನೇ ಅವಳ ಮೇಜಿನ ಬಳಿ ಬಂದ. ತಾನು ಹೇಳಿದ್ದು ಅವಳ ಕೆಲಸದ ಬಗ್ಗೆ ಅಲ್ಲ, ಹಳೆಯ ಅನಿಮೇಶನ್ ಬಗ್ಗೆ ಎಂದು ತಡವರಿಸಿದ. ಅದರಲ್ಲಿ ಕೈ ಮಾತ್ರ ಮುಂದೆ ಹೋಗುತ್ತದೆ, ಮೈ ಹಿಂದೆಯೇ ಉಳಿಯುತ್ತದೆ ಎಂದ. ಅವಳು ನಂಬದಿದ್ದಾಗ ಅಂಗೈ ಚಾಚಿ ನಿಂತ.

"ನೀವೇ ಒಂದು ಹೊಡೀರಿ, ನೋಡೋಣ."

ಇದ್ದಬದ್ದ ಸಿಟ್ಟನ್ನೆಲ್ಲ ಸೇರಿಸಿ ಹೊಡೆದಳು. ಅವನು ಕೈ ಕೊಡವಿಕೊಳ್ಳುತ್ತ ನಕ್ಕ. "ನೋಡಿದ್ರಾ? ಕೈಗಿಂತ ಮೊದಲು ಭುಜ ಹೊರಡ್ತು. ಭುಜಕ್ಕಿಂತ ಮೊದಲು ಹುಬ್ಬು."

ಅವಳಿಗೆ ನಗು ತಡೆಯಲಾಗಲಿಲ್ಲ.

ಆಮೇಲೆ ದಿನವೂ ಜಗಳ. ಬಟನ್ ಒತ್ತಿದ ಕ್ಷಣವೇ ಏಟು ಬೀಳಬೇಕೆಂದು ಅವಳು. ಮೈ ಕೂಡಿಕೊಳ್ಳಲು ಸಮಯ ಬೇಡವೇ ಎಂದು ಅವನು. ಹಾವೂ ಸಾಯದಂತೆ ಕೋಲೂ ಮುರಿಯದಂತೆ ಎಲ್ಲೋ ನಡುವೆ ಒಪ್ಪಂದವಾಗುತ್ತಿತ್ತು. ಅವನು ಹೆಂಡತಿಯಿಂದ ಬೇರೆಯಾಗಿ ಎರಡು ವರ್ಷವಾಗಿದೆ, ಆರು ವರ್ಷದ ಮಗಳು ತಾಯಿಯ ಜೊತೆ ಬೇರೆ ಊರಿನಲ್ಲಿದ್ದಾಳೆ ಎಂಬುದೂ ಇಂಥ ಜಗಳಗಳ ನಡುವೆಯೇ ಅವಳಿಗೆ ಗೊತ್ತಾಯಿತು.

ಎರಡನೇ ಭಾಗದಲ್ಲಿ ಹೊಸದಾಗಿ ಬಂದದ್ದು ಪಟ್ಟು. ಎದುರಾಳಿಯ ಮಣಿಕಟ್ಟು ಹಿಡಿಯಬೇಕು, ಅವನು ಬಿಡಿಸಿಕೊಳ್ಳಬೇಕು. ಎಷ್ಟು ಹೊತ್ತು ಹಿಡಿದರೆ ನಿಜವೆನಿಸುತ್ತದೆ? ಅದನ್ನು ಕಂಡುಕೊಳ್ಳಲು ಇಬ್ಬರೂ ಖಾಲಿ ಮೀಟಿಂಗ್ ರೂಮಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಎಣಿಸುತ್ತಿದ್ದರು. ಒಂದು ಸಂಜೆ ಅವನು ಹಿಡಿದ, ಅವಳು ಎಣಿಸಿದಳು. ಹತ್ತಕ್ಕೆ ನಿಲ್ಲಿಸಬೇಕಿತ್ತು. ಎಣಿಕೆ ಮುಗಿದು ಎಷ್ಟೋ ಹೊತ್ತಾದರೂ ಅವನು ಬಿಡಲಿಲ್ಲ, ಅವಳು ಬಿಡಿಸಿಕೊಳ್ಳಲಿಲ್ಲ. ಅವನ ಕಣ್ಣು ಅವಳ ಹುಬ್ಬಿನ ಮೇಲೆಯೇ ಇತ್ತು.

"ಏನು ಬರ್ಕೊಳ್ಳೋಣ?" ಎಂದು ಕೊನೆಗೆ ಅವಳೇ ಕೇಳಿದಳು.

"ಇದನ್ನ ಬರೀಬೇಡಿ" ಎಂದ.

ಮುಂದಿನ ಎರಡು ತಿಂಗಳು ಅವಳ ಕಾಲು ನೆಲದ ಮೇಲಿರಲಿಲ್ಲ. ಮನೆಯಲ್ಲಿ ಅಕ್ಕ ಒಬ್ಬಳಿಗೆ ಎಲ್ಲ ಹೇಳಿದಳು. ಅಮ್ಮನಿಗೆ ಗೇಮ್ ಬಿಡುಗಡೆಯಾದ ಮೇಲೆ ಹೇಳುವುದೆಂದು ಇಬ್ಬರೂ ಸೇರಿ ತೀರ್ಮಾನಿಸಿದರು.

ಬಿಡುಗಡೆಗೆ ಹತ್ತು ದಿನವಿರುವಾಗ ಅವನು ಅವಳನ್ನು ಕ್ಯಾಂಟೀನಿಗೆ ಕರೆದ. ಕಾಫಿಯ ಕಪ್ಪನ್ನು ತಿರುಗಿಸುತ್ತ, ಹೆಂಡತಿ ಫೋನ್ ಮಾಡಿದ್ದಳು ಎಂದ. ಮಗಳು ಶಾಲೆಯಲ್ಲಿ ಯಾರೊಂದಿಗೂ ಮಾತಾಡುತ್ತಿಲ್ಲವಂತೆ. ಮತ್ತೆ ಒಟ್ಟಿಗೆ ಇದ್ದು ನೋಡೋಣ ಎಂದು ಹೆಂಡತಿ ಕೇಳಿದ್ದಾಳೆ. ತಾನು ಒಪ್ಪಿದ್ದೇನೆ ಎಂದ.

ಅವಳು ಆ ಕಪ್ಪನ್ನು ಹಿಡಿದು ನಿಲ್ಲಿಸಿದಳು. "ಹೋಗ್ಬೇಡಿ ಅಂತ ನಾನು ಹೇಳಿದ್ರೆ?"

"ನಿಂತುಬಿಡ್ತೀನಿ. ಅದಕ್ಕೇ ದಯವಿಟ್ಟು ಹೇಳ್ಬೇಡಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹತ್ತು ದಿನವೂ ಅವಳು ಆ ಒಂದು ಮಾತನ್ನು ಹಲ್ಲು ಕಚ್ಚಿ ತಡೆದಳು. ಏಟು, ತಡೆ, ಪಟ್ಟು ಎಲ್ಲವನ್ನೂ ಅವನ ಪಕ್ಕದಲ್ಲೇ ಕುಳಿತು ಕೊನೆಯ ಬಾರಿಗೆ ಪರೀಕ್ಷಿಸಿದಳು. ಗೇಮ್ ಬಿಡುಗಡೆಯಾಯಿತು. ಆಡಿದವರೆಲ್ಲ ಪಟ್ಟನ್ನೇ ಹೊಗಳಿದರು, ಕೈಯಲ್ಲಿ ನಿಜವಾಗಿ ಒಂದು ಕೈ ಇದ್ದಂತಾಗುತ್ತದೆ ಎಂದು ಬರೆದರು.

ಅವನು ಹೊರಟ ದಿನ ಅವಳು ಬಸ್ ನಿಲ್ದಾಣದವರೆಗೆ ಹೋದಳು. ಬ್ಯಾಗ್ ಕೆಳಗಿಟ್ಟು, "ನಿಮ್ಮನ್ನ ಪ್ರೀತಿಸಿದ್ದು ಸುಳ್ಳಲ್ಲ" ಎಂದ.

"ಗೊತ್ತು. ಸುಳ್ಳಾಗಿದ್ರೆ ನಾನು ಎಷ್ಟು ಜಗಳ ಆಡ್ತಿದ್ದೆ ಗೊತ್ತಾ?" ಎಂದಳು. ಅವನ ಕಣ್ಣು ತುಂಬಿದ್ದನ್ನು ಕಂಡು ತಾನೇ ಬ್ಯಾಗ್ ಎತ್ತಿ ಕೊಟ್ಟಳು. "ಮಗು ಕಾಯ್ತಿರುತ್ತೆ. ಹತ್ತಿ."

ಬಸ್ಸು ತಿರುವು ದಾಟುವವರೆಗೂ ನಿಂತಿದ್ದು, ಮನೆಗೆ ನಡೆದೇ ಬಂದಳು. ನಡುಮನೆಯಲ್ಲಿ ಅಮ್ಮ ಪೇಪರ್ ಓದುತ್ತಿದ್ದರು. ಇಷ್ಟು ಬೇಗ ಬಂದೆಯಲ್ಲ ಎಂದರು. ಅವಳು ತಲೆನೋವು ಎಂದು ಹೇಳಿ ನೇರ ಅಡುಗೆಮನೆಗೆ ಹೋದಳು.

ಅಕ್ಕ ಅವಳ ಮುಖ ನೋಡಿದಳು. ಬಾಗಿಲು ಹಾಕಿ, ಏನೂ ಹಾಕದ ಮಿಕ್ಸಿಯನ್ನು ಜೋರಾಗಿ ತಿರುಗಿಸಿ, ತಂಗಿಯನ್ನು ಭುಜಕ್ಕೆ ಎಳೆದುಕೊಂಡಳು.

"ಈಗ ಅಳು" ಎಂದಳು.