ತಾಮ್ರದ ಎತ್ತಿನ ನಡೆ

ಬಹಳ ಹಿಂದೆ, ಏಳು ಬೆಟ್ಟಗಳಾಚೆ ಕದಿರಾವತಿ ಎಂಬ ರಾಜ್ಯವಿತ್ತು. ಅಲ್ಲಿಯ ಅರಮನೆಯ ನೆಲಮಾಳಿಗೆಯಲ್ಲಿ ಜೀವವಿದ್ದ ತಾಮ್ರದ ಎತ್ತೊಂದು ದೊಡ್ಡ ಚಕ್ರ ತಿರುಗಿಸುತ್ತಿತ್ತು. ಊರಿನ ಮಗ್ಗ, ಗಿರಣಿ, ಕಾರಂಜಿ ಎಲ್ಲವೂ ಅದರಿಂದಲೇ ನಡೆಯುತ್ತಿದ್ದವು. ಕೆಲಸ ಹೆಚ್ಚಿದ್ದಾಗ ಎತ್ತನ್ನು ಓಡಿಸುವವಳು, ಕಡಿಮೆಯಿದ್ದಾಗ ನಿಧಾನ ನಡೆಸುವವಳು ಮಾಳವ್ವೆ. ಓಡಿದರೆ ಅದರ ಮೈ ಕಾಯುತ್ತಿತ್ತು. ನೀರಿನ ಆಳುಗಳು ನೀರೆರೆದು ತಣಿಸುತ್ತಿದ್ದರು.

ಎತ್ತು ಒಡೆದರೆ ರಾಜ್ಯ ತನ್ನದಾಗುತ್ತದೆಂದು ಮಾಂತ್ರಿಕ ಕರಾಳನೇತ್ರ ವಿಷಗಾಳಿ ಎಬ್ಬಿಸಿದ. ಮಲಗಿದವರನ್ನು ಆ ಗಾಳಿ ಮುಟ್ಟುತ್ತಿರಲಿಲ್ಲ, ನೆಲಮಾಳಿಗೆಗೂ ಇಳಿಯುತ್ತಿರಲಿಲ್ಲ. ಊರಿಗೆ ಊರೇ ಮಲಗಲೆಂದು ರಾಜ ಪೃಥುಮಲ್ಲ ಡಂಗುರ ಹೊಡೆಸಿದ.

ಮೊದಲ ಸಲ ಗಾಳಿ ಬೀಸಿದಾಗ ನೀರಿನ ಆಳುಗಳೂ ಮಲಗಿದರು. ಅದು ತಿಳಿಯದೆ ಮಾಳವ್ವೆ ನೆಲಮಾಳಿಗೆಯಲ್ಲಿ ಇನ್ನೂ ಎತ್ತಿನ ಹಗ್ಗ ಹಿಡಿದಿದ್ದಳು.

"ಮಾಳವ್ವಾ, ಓಡಿಸೇ, ನೇಯ್ಗೆ ಮುಗಿಸಬೇಕು!" ಎಂದು ನೇಕಾರಗಿತ್ತಿಯ ದನಿ ಕೇಳಿಸಿತು. ಓಡಿಸಿದಳು. ಆದರೆ ಅದು ದನಿ ಬದಲಿಸಿ ಕೂಗಿದ ಮಾಂತ್ರಿಕ. ತಣಿಸುವವರಿಲ್ಲದೆ ಎತ್ತು ಕೆಂಪಗೆ ಕಾದು, ಒಂದು ಕೋಡು ಬಿರುಕುಬಿಟ್ಟಿತು. ಹೇಗೋ ಜಗ್ಗಿ ನಿಲ್ಲಿಸಿದವಳು, "ತಪ್ಪು ನನ್ನದು ಕಣಪ್ಪಾ," ಎಂದು ಅತ್ತಳು.

ಎರಡನೆಯ ಸಲ, ಯಾರೊಬ್ಬರೂ ಮಲಗುವ ಮೊದಲೇ ಎತ್ತನ್ನು ಹದವಾದ ನಡೆಗೆ ತಂದು, ಹಗ್ಗವನ್ನು ಕಂಬಕ್ಕೆ ಬಿಗಿದುಬಿಟ್ಟಳು. ಈಗ ರಾಜನ ದನಿಯೇ ಗುಡುಗಿತು: "ಓಡಿಸು!"

"ಊರೆಲ್ಲ ಎದ್ದ ಮೇಲೆ ಅಪ್ಪಣೆ ಕೊಡಿ ಮಹಾಪ್ರಭು. ಅಲ್ಲಿಯವರೆಗೆ ಹಗ್ಗ ಮುಟ್ಟುವುದಿಲ್ಲ." ಅದೂ ಮಾಂತ್ರಿಕನ ಆಟವೇ; ಗಾಳಿ ನಿಲ್ಲುವವರೆಗೂ ಎತ್ತು ಹದವಾಗಿಯೇ ನಡೆಯಿತು.

ಮೂರನೆಯ ಗಾಳಿ ತಿಂಗಳುಗಟ್ಟಲೆ ಬೀಸುವುದೆಂದು ಮೊದಲೇ ಸುದ್ದಿ ಬಂತು. ಅಷ್ಟು ದಿನದ ನಿದ್ದೆಗೆ ಎತ್ತೂ ಮಲಗಬೇಕು, ಜನರ ನೆನಪೂ ಮಸುಕಾಗುತ್ತದೆ. ಅದಕ್ಕೇ ಪ್ರತಿಯೊಬ್ಬರ ಕೆಲಸವನ್ನೂ ಎತ್ತಿನ ನಡೆಯನ್ನೂ ಕಲ್ಲಿನಲ್ಲಿ ಕೆತ್ತಿಸಿ ಎಲ್ಲರೂ ಮಲಗಿದರು.

ಗಾಳಿ ನಿಂತಿತು. ರಾಜ ಎದ್ದು ಕಲ್ಲನ್ನೋದಿ, ಮೆಟ್ಟಿಲ ಮೇಲಿಂದ ಕೂಗಿದ: "ಎತ್ತು ನಿಧಾನ ನಡೆಯುತ್ತಿದೆ ಎಂದಿದೆ. ಓಡಿಸು ಮಾಳವ್ವೆ, ಊರು ಹಸಿದಿದೆ!"

ಮಾಳವ್ವೆ ಕೆಳಗಿಳಿದು ನೋಡಿದರೆ, ಎಲ್ಲರಿಗಿಂತ ಮೊದಲೇ ಎದ್ದ ಎತ್ತು ಗಾಬರಿಯಿಂದ ಓಡುತ್ತಿತ್ತು. ಜೊತೆಗೇ ಓಡುತ್ತ ಅದರ ಎದೆಗೆ ಕೈಯಿಟ್ಟಳು.

"ಕಲ್ಲಿನಲ್ಲಿರುವುದು ಮಲಗುವ ಮುಂಚಿನ ಮಾತು ಮಹಾಪ್ರಭು. ಈಗಿನದನ್ನು ಇದರ ಎದೆ ಹೇಳುತ್ತಿದೆ. ಇನ್ನೊಂದು ಏಟು ಬಿದ್ದರೆ ಒಡೆದುಹೋಗುತ್ತದೆ."

ಮೈದಡವಿ ನಡೆ ಇಳಿಸಿದಳು. ನೀರಿನ ಆಳುಗಳನ್ನು ಎಬ್ಬಿಸಿ ತಣ್ಣೀರು ಹಾಕಿಸಿದಳು. ಕಲ್ಲಿನ ಅಕ್ಷರ ತಿದ್ದಿಸಿದಳು. ಆಮೇಲೆಯೇ ಹಗ್ಗ ಹಿಡಿದಳು.

ಇದನ್ನು ಕಂಡು ಸಿಟ್ಟಿಗೆದ್ದ ಕರಾಳನೇತ್ರ ತಾನೇ ಚಾಟಿ ಹಿಡಿದು ಎತ್ತಿನ ಹಿಂದಕ್ಕೆ ಹಾರಿದ. ಎತ್ತು ಒಮ್ಮೆ ಒದೆಯಿತು. ಅವನು ಚಕ್ರದಡಿ ಸಿಕ್ಕಿ ಹಿಡಿ ಬೂದಿಯಾದ.

"ಏನು ಬೇಕು ಕೇಳು ತಾಯಿ," ಎಂದ ರಾಜ.

"ಊರು ಮಲಗುವಾಗ ಮೊದಲು ನನಗೆ ಹೇಳಿಕಳಿಸಿ. ಎಲ್ಲರೂ ಎದ್ದ ಮೇಲೆ, ಎತ್ತು ಹೇಗಿದೆಯೆಂದು ನನ್ನನ್ನು ಕೇಳಿಯೇ ಅಪ್ಪಣೆ ಕೊಡಿ. ಅಷ್ಟು ಸಾಕು."

ರಾಜ ಹಾಗೇ ಕಟ್ಟಳೆ ಮಾಡಿದ. ಅಂದಿನಿಂದ ಕದಿರಾವತಿಯ ಜನ ನಿಶ್ಚಿಂತೆಯಿಂದ ಮಲಗಿದರು, ನಗುನಗುತ್ತ ಎದ್ದರು, ಸುಖವಾಗಿ ಬಾಳಿದರು.