ಗಂಡುಮೀನಿನ ರಕ್ತ

2003ರ ಆಗಸ್ಟ್ 12, ಮಂಗಳವಾರ. ಬೆಳಿಗ್ಗೆ ಹತ್ತೂವರೆಗೆ ತುಮಕೂರಿನ ಸಂಶೋಧಕಿ ಅಕ್ಷತಾ ಥರ್ಮಾಕೋಲ್ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಗುಬ್ಬಿ ಠಾಣೆಗೆ ಬಂದಳು.

"ಮೀನಿನ ರಕ್ತ ಕದ್ದಿದ್ದಾರೆ ಸಾರ್."

ಕಾನ್‌ಸ್ಟೆಬಲ್ ಹೊನ್ನಯ್ಯ ನಕ್ಕ. "ಮೀನು ಕದಿಯೋರ್ನ ನೋಡಿವ್ನಿ. ರಕ್ತಾನಾ ಮೇಡಂ?"

ಇನ್‌ಸ್ಪೆಕ್ಟರ್ ರೇವಣಸಿದ್ದಯ್ಯ ನಗಲಿಲ್ಲ. "ಬಿಡಿಸಿ ಹೇಳಮ್ಮ."

ಮೊಟ್ಟೆ ಕಟ್ಟಲು ಬೇಕಾದ ಪ್ರೋಟೀನ್ ಹೆಣ್ಣುಮೀನಿನ ರಕ್ತದಲ್ಲಿರಬೇಕಾದದ್ದು. ಬಣ್ಣದ ಕಾರ್ಖಾನೆಯ ಕೊಳವೆ ಸುರಿಯುವ ಕೆರೆಯಲ್ಲಿ ಅದು ಗಂಡುಮೀನಿನಲ್ಲೂ ಸಿಕ್ಕಿತ್ತು. ನೀರಿನಲ್ಲಿರುವುದೇನೋ ಹಾರ್ಮೋನಿನ ಹಾಗೆ ನಟಿಸಿ ಮೀನಿನ ಮೈಗೆ ಮೋಸ ಮಾಡುತ್ತಿತ್ತು. ಖಚಿತಪಡಿಸಿಕೊಳ್ಳಲು ಅಕ್ಷತಾ ಶನಿವಾರ ಮತ್ತೆ ಗಂಡುಮೀನುಗಳ ರಕ್ತ ತೆಗೆದಳು. ಬಸ್ ತಪ್ಪಿದ್ದರಿಂದ ಪೆಟ್ಟಿಗೆಯನ್ನು ಮೀನುಗಾರರ ಸಂಘದ ಕೋಣೆಯಲ್ಲಿಟ್ಟು, ಮರುದಿನ ಒಯ್ದಳು. ಲ್ಯಾಬಿನಲ್ಲಿ ನೋಡಿದರೆ ಒಂದು ಟ್ಯೂಬಿನಲ್ಲೂ ಆ ಪ್ರೋಟೀನ್ ಇಲ್ಲ.

"ಕೊಳವೆ ಬಾಯಲ್ಲೇ ಹಿಡಿದ ಮೀನು ಸಾರ್. ಇದು ನಾನು ತೆಗೆದ ರಕ್ತ ಅಲ್ಲ."

ಕಳವಿನ ಎಫ್‌ಐಆರ್ ಆಯಿತು.

"ಆ ಕೊಳವೆ ಮೇಲೆ ಸಾರ್?"

"ಅದು ನಮ್ಮ ವ್ಯಾಪ್ತಿಗೆ ಬರಲ್ಲಮ್ಮ."

ಯಾರ ವ್ಯಾಪ್ತಿಗೂ ಬರದ ಆ ಕೊಳವೆ ಹಗಲೂ ರಾತ್ರಿ ಕೆರೆಗೆ ಸುರಿಯುತ್ತಲೇ ಇತ್ತು.

ಕಾರ್ಖಾನೆಯವರದೇ ಕೈವಾಡ ಎಂದು ರೇವಣಸಿದ್ದಯ್ಯ ಎಣಿಸಿದ್ದರು. ಆದರೆ ಸಂಘದ ಬೀಗ ಒಡೆದಿರಲಿಲ್ಲ. ಪಂಚನಾಮೆಗೆಂದು ಪೆಟ್ಟಿಗೆ ತೆರೆದಾಗ ತಳದಲ್ಲಿ ಭತ್ತದ ಹೊಟ್ಟು ಮೆತ್ತಿಕೊಂಡಿತ್ತು.

"ನೀವು ಹಾಕಿದ್ದಾ?"

"ಇಲ್ಲ ಸಾರ್. ನಂದು ಲ್ಯಾಬಿನ ಐಸು."

"ಹೊಟ್ಟಲ್ಲಿ ಹೂತಿಡೋದು ಮೀನಿನೋರ ಐಸು. ರಕ್ತ ಬದಲಾಯಿಸಿದವನು ಅದು ಕೆಡದ ಹಾಗೆ ಐಸೂ ತುಂಬಿದಾನೆ. ಪರೀಕ್ಷೆ ನಡೀಲಿ ಅಂತಲೇ ಅವನ ಆಸೆ. ರಕ್ತ ತೆಗೆಯೋಕೆ ಅಲ್ಲಿ ಯಾರಿಗೆ ಬರುತ್ತೆ?"

ಅಕ್ಷತಾ ತಲೆ ತಗ್ಗಿಸಿದಳು. "ನಂಗೆ ಮೀನು ಹಿಡ್ಕೊಡೋ ಅಂಜಿನಪ್ಪಣ್ಣಂಗೆ. ನಾನೇ ಕಲಿಸಿದ್ದು. ಸಂಘದ ಬೀಗದ ಕೈನೂ ಅವರ ಹತ್ರಾನೇ ಇರುತ್ತೆ."

ಮಧ್ಯಾಹ್ನ ಎರಡಕ್ಕೆ ಅಂಜಿನಪ್ಪನನ್ನು ಕರೆತಂದರು.

"ನೀನು ತುಂಬಿದ್ದು ಎಲ್ಲಿಯ ಮೀನಿನ ರಕ್ತ?"

"ಕುಣಿಗಲ್ ಕೆರೇದು ಸ್ವಾಮಿ. ಬೈಕಲ್ಲಿ ಹೋಗಿ ಜೀವದ ಗಂಡುಮೀನು ತಂದೆ."

"ಅಕ್ಷತಾ ತೆಗೆದಿದ್ದು?"

"ಕೆರೆಗೇ ಸುರಿದೆ."

"ಕಾರ್ಖಾನೆಯವ್ರು ಹೇಳಿದ್ರಾ?"

"ಅವ್ರು ನಮ್ ಮುಖಾನೂ ನೋಡಕ್ಕಿಲ್ಲ."

"ಮತ್ಯಾಕ್ಲಾ?"

ಅಂಜಿನಪ್ಪ ಹೊಟ್ಟು ಸಿಕ್ಕಿದ್ದ ಉಗುರು ನೋಡಿಕೊಂಡ. "ಮಗಳು ಬಸುರಿ. ಹೆರಿಗೆಗೆ ಬಂದವ್ಳೆ. ಬಂದಾಗಿಂದ ಈ ಕೆರೆ ಮೀನೇ ತಿಂತಾವ್ಳೆ. ಮೀನಿಗೇ ಹಿಂಗಾದ್ರೆ ಹೊಟ್ಟೇಲಿರೋದಕ್ಕೆ? ಚೆನ್ನಾಗೈತೆ ಅಂತ ಒಂದು ರಿಪೋರ್ಟ್ ಬಂದ್ಬುಟ್ಟಿದ್ರೆ ನಿದ್ದೆ ಹತ್ತೋದು."

"ನೀನೇ ಬದಲಾಯಿಸಿದ ರಕ್ತ. ಆ ರಿಪೋರ್ಟ್ ನಂಬ್ತಿದ್ಯಾ?"

"ನಂಬ್ತಿದ್ದೆ ಸ್ವಾಮಿ."

ಸಂಜೆ ನಾಲ್ಕಕ್ಕೆ ಬಂಧನ ದಾಖಲಾಯಿತು. ಕೃತ್ಯದ ಕಾರಣ: ಭಯ. ಕೆರೆ ಕೆಡಿಸಿದವರ ಹೆಸರು ಆ ಹಾಳೆಯಲ್ಲಿ ಎಲ್ಲೂ ಬರಲಿಲ್ಲ.

ಅಷ್ಟರಲ್ಲಿ ಅಂಜಿನಪ್ಪನ ಹೆಂಡತಿ ಮರಿಯಮ್ಮ ಕ್ಯಾರಿಯರ್ ಹಿಡಿದು ಬಂದಳು. ಹೊನ್ನಯ್ಯ ತಪಾಸಣೆಗೆ ಮುಚ್ಚಳ ತೆಗೆದ. ಮೀನಿನ ಸಾರು.

ಅಂಜಿನಪ್ಪ ಕಂಬಿ ಹಿಡಿದ. "ಮಗ್ಳಿಗೂ ಇದ್ನೇ ಬಡಿಸಿದ್ಯೇನೇ?"

"ಇನ್ನೇನ್ ಬಡಿಸ್ಲಿ ಹೇಳು."